ಆಟವೋ, ಚಟವೋ? ಮಂಡಿಪೇಟೆ ಗಲ್ಲಾದ ಮೇಲೆ ಬಿದ್ದ ಪ್ರಶ್ನೆ

ರಾತ್ರಿ ಒಂಬತ್ತೂಕಾಲು. ದಾವಣಗೆರೆ ಮಂಡಿಪೇಟೆಯಲ್ಲಿ ಅರ್ಧಕ್ಕರ್ಧ ಅಂಗಡಿಗಳ ಶಟರ್ ಇಳಿದಾಗಿತ್ತು. ಅರ್ಧ ಕೆ.ಜಿ. ಸಕ್ಕರೆ, ಕಾಲು ಕೆ.ಜಿ. ತೊಗರಿಬೇಳೆ ಕಟ್ಟಿಸಿಕೊಂಡು ನಾನೂ ಹೊರಡೋದರಲ್ಲಿದ್ದೆ. ಅಂಗಡಿ ಯಜಮಾನರು ಚಿಲ್ಲರೆ ಕೊಡಲಿಲ್ಲ. ಗಲ್ಲಾದ ಮೇಲೆ ಕೈ ಇಟ್ಟುಕೊಂಡೇ ಕೇಳಿದರು:

"ಪೇಪರಿನೋರೇ, ನೀವು ನಾಕು ಕಡೆ ತಿರುಗಾಡೋರು. ಒಂದ್ ಮಾತು ಹೇಳ್ರಿ. ಈ ಮೊಬೈಲ್ ಗೇಮು ಅಂಬೋದು ಕಾಯಿಲೇನಾ, ಕೊಬ್ಬಾ?"

ವಿಷಯ ಇಷ್ಟೇ. ಅವರ ಮಗನಿಗೆ ಹದಿನೇಳು. ಸೆಕೆಂಡ್ ಪಿಯುಸಿ, ಸೈನ್ಸು. ರಾತ್ರಿ ಮೂರು ಗಂಟೆ ತನಕ ಗುಂಡು ಹಾರಿಸುವ ಆಟ. ಬೆಳಿಗ್ಗೆ ಎದ್ದೇಳೋಲ್ಲ. ಎದ್ದರೆ ಕಾಲೇಜಿಗೆ ಹೋಗೋಲ್ಲ. ಹೋದರೂ ಕೊನೇ ಬೆಂಚಿನಲ್ಲಿ ನಿದ್ದೆ. ಮಧ್ಯವಾರ್ಷಿಕದಲ್ಲಿ ಮೂರು ವಿಷಯ ಡುಮ್ಕಿ. ಅಪ್ಪನ ಫೋನಿನ ಯುಪಿಐನಿಂದ ನಾಲ್ಕು ಸಾವಿರ ರೂಪಾಯಿ ಆಟದೊಳಗಿನ ಅಂಗಿ, ಬಂದೂಕು ಅಂತ ಹೋಗಿದೆ. ಗೊತ್ತಾದ ದಿನ ಯಜಮಾನರು ಎರಡು ಕೆ.ಜಿ. ತೂಕದ ಕಲ್ಲು ತಗೊಂಡು ಹುಡುಗನ ಫೋನನ್ನು ಅಂಗಡಿ ಕಟ್ಟೆ ಮೇಲೇ ಕುಟ್ಟಿ ಪುಡಿ ಮಾಡಿದರು. ಹುಡುಗ ಎರಡು ದಿನ ಊಟ ಬಿಟ್ಟ. ಮೂರನೇ ದಿನ ಅವನ ತಾಯಿ ಊಟ ಬಿಟ್ಟರು.

ಈಗ ಮನೆಯಲ್ಲಿ ಮೂರು ಪಕ್ಷ. ದೊಡ್ಡಪ್ಪನ ಪಕ್ಷ: "ನಾಕು ಬಿಗಿದ್ರೆ ಸರಿ ಹೋಗ್ತಾನೆ." ತಾಯಿಯ ಪಕ್ಷ: "ಯಾರದೋ ಕಣ್ಣು ಬಿದ್ದೈತೆ, ದೇವಸ್ಥಾನಕ್ಕೆ ಕರ್ಕೊಂಡು ಹೋಗಾನ." ಬೆಂಗಳೂರಲ್ಲಿರೋ ಸೋದರಮಾವನ ಪಕ್ಷ: "ಇದು ಕಾಯಿಲೆ. ನಿಮ್ಹಾನ್ಸಿಗೆ ತೋರಿಸಿ." ಯಜಮಾನರು ಯಾವ ಪಕ್ಷಕ್ಕೂ ಓಟು ಹಾಕಿಲ್ಲ. ಅವರ ಹೆದರಿಕೆಯೇ ಬೇರೆ. ದನಿ ತಗ್ಗಿಸಿ ಹೇಳಿದರು: "ನಿಮ್ಹಾನ್ಸಿಗೆ ಹೋಗಿ ಬಂದ ಅಂತ ಸುದ್ದಿ ಆದ್ರೆ ನಾಳೆ ಇವನಿಗೆ ಹೆಣ್ಣು ಯಾರು ಕೊಡ್ತಾರ್ರೀ? ಮನ್ಯಾಗೆ ಇನ್ನೊಬ್ಬಳು ಮಗಳೂ ಅದಾಳೆ."

ಪ್ರಶ್ನೆ ಸಣ್ಣದಲ್ಲ. ಕಾಯಿಲೆ ಅಂದರೆ ಔಷಧಿ, ಕೊಬ್ಬು ಅಂದರೆ ಒದೆ. ತಪ್ಪು ಮದ್ದು ಕೊಟ್ಟರೆ ಹುಡುಗ ಹಾಳು. ಎಂಟು ದಿನ ಟೈಮ್ ಕೊಡಿ ಎಂದು ಚಿಲ್ಲರೆ ಇಸಕೊಂಡು ಬಂದೆ. ಆ ಎಂಟು ದಿನದಲ್ಲಿ ಓದಿದ್ದು, ಕೇಳಿದ್ದು, ಕಂಡದ್ದು ಇಲ್ಲಿದೆ.

ಜಿನೀವಾದ ತೀರ್ಪು

ಯಜಮಾನರ ಪ್ರಶ್ನೆ ಜಗತ್ತಿನ ದೊಡ್ಡ ದೊಡ್ಡ ಡಾಕ್ಟರುಗಳನ್ನೂ ಎರಡು ಪಂಗಡ ಮಾಡಿಟ್ಟಿದೆ ಎಂದರೆ ನಂಬುತ್ತೀರಾ? ನಂಬಬೇಕು.

ಮೊದಲ ಪಂಗಡ "ಕಾಯಿಲೆ" ಎನ್ನುತ್ತದೆ. ಇವರ ಕೈಯಲ್ಲಿ ದೊಡ್ಡ ಮೊಹರೇ ಇದೆ. ಜಿನೀವಾದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆ ಲೋಕದ ಸಮಸ್ತ ಕಾಯಿಲೆಗಳಿಗೂ ಒಂದು ಪಟ್ಟಿ ಇಟ್ಟಿದೆ. ನಮ್ಮ ಅಂಗಡಿಯ ಖಾತೆ ಪುಸ್ತಕ ಇದ್ದ ಹಾಗೆ. ಪ್ರತಿ ಕಾಯಿಲೆಗೂ ಒಂದು ನಂಬರು. ಆ ಪಟ್ಟಿಯ 11ನೇ ಆವೃತ್ತಿಗೆ 2019ರ ಮೇ ತಿಂಗಳಲ್ಲಿ ದೇಶದೇಶಗಳ ಪ್ರತಿನಿಧಿಗಳು ಒಪ್ಪಿಗೆ ಕೊಟ್ಟರು. 2022ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ 'ಗೇಮಿಂಗ್ ಡಿಸಾರ್ಡರ್' ಎಂಬ ಹೊಸ ಹೆಸರು ಸೇರಿತು. ಕುಡಿತ, ಅಫೀಮು, ಜೂಜು ಇರುವ ಅಧ್ಯಾಯದಲ್ಲೇ ಇದಕ್ಕೂ ಜಾಗ.

ಆದರೆ ಇಲ್ಲೇ ಒಂದು ಎಚ್ಚರಿಕೆ. ಆಟ ಆಡುವವರೆಲ್ಲ ರೋಗಿಗಳು ಎಂದು ಅಲ್ಲಿ ಬರೆದಿಲ್ಲ. ಬರೆದಿರುವುದು ಮೂರು ಲಕ್ಷಣ. ಒಂದು, ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ಹಿಡಿತ ತಪ್ಪಿರಬೇಕು. ಎರಡು, ಊಟ, ನಿದ್ದೆ, ಓದು, ಗೆಳೆಯರು ಎಲ್ಲಕ್ಕಿಂತ ಆಟವೇ ಮುಂದಾಗಿರಬೇಕು. ಮೂರು, ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಆಟ ಮುಂದುವರಿದಿರಬೇಕು, ಇನ್ನೂ ಜಾಸ್ತಿಯಾಗಿರಬೇಕು. ಇದರಿಂದ ಬದುಕಿಗೆ ಕಣ್ಣಿಗೆ ಕಾಣುವಂಥ ದೊಡ್ಡ ಪೆಟ್ಟು ಬಿದ್ದಿರಬೇಕು. ಇದೆಲ್ಲ ಸಾಮಾನ್ಯವಾಗಿ ಹನ್ನೆರಡು ತಿಂಗಳು ನಡೆದಿರಬೇಕು. ತೀರಾ ವಿಪರೀತವಾಗಿದ್ದರೆ ಅದಕ್ಕಿಂತ ಮುಂಚೆಯೂ ಹೇಳಬಹುದು.

ಅಂದರೆ ದಸರಾ ರಜದಲ್ಲಿ ಹದಿನೈದು ದಿನ ಹಗಲೂ ರಾತ್ರಿ ಆಡಿದ ಹುಡುಗ ರೋಗಿಯಲ್ಲ. ದಿನಕ್ಕೆ ಎಷ್ಟು ಗಂಟೆ ಎಂಬ ಲೆಕ್ಕವೇ ಆ ಪಟ್ಟಿಯಲ್ಲಿ ಇಲ್ಲ. ನಮ್ಮ ತಾಯ್ತಂದೆಯರು ಮೊದಲು ಎಣಿಸುವುದು ಗಂಟೆಯನ್ನೇ!

ಅಮೆರಿಕದ ಮನೋವೈದ್ಯರ ಸಂಘ ಇನ್ನೂ ಜಾಣತನ ಮಾಡಿತು. 2013ರಲ್ಲಿ ತನ್ನ ಕೈಪಿಡಿಯ ಐದನೇ ಆವೃತ್ತಿ ತಂದಾಗ ಇದನ್ನು ಒಳಮನೆಗೆ ಬಿಟ್ಟುಕೊಳ್ಳದೆ ಜಗಲಿಯಲ್ಲಿ ಕೂರಿಸಿತು. "ಇನ್ನಷ್ಟು ಅಧ್ಯಯನ ಬೇಕಾದವು" ಎಂಬ ಭಾಗದಲ್ಲಿ ಹಾಕಿತು. ಒಂಬತ್ತು ಲಕ್ಷಣ ಕೊಟ್ಟು, ವರ್ಷದಲ್ಲಿ ಐದಾದರೂ ಕಂಡರೆ ಯೋಚಿಸಿ ಎಂದಿತು.

ಎದುರು ಪಕ್ಷದ ವಾದ

ವಿಶ್ವ ಸಂಸ್ಥೆ ಪಟ್ಟಿಗೆ ಸೇರಿಸುತ್ತದಂತೆ ಎಂಬ ಸುದ್ದಿ ಬಂದ ಕೂಡಲೇ ಎರಡನೇ ಪಂಗಡ ಎದ್ದು ನಿಂತಿತು. ಕೋಪನ್‌ಹೇಗನ್‌ನ ವಿದ್ವಾಂಸ ಎಸ್ಪೆನ್ ಆರ್ಸೆತ್ ಮುಂದಾಳತ್ವದಲ್ಲಿ ಎರಡು ಡಜನ್ ದಾಟಿದ ಸಂಶೋಧಕರು 2017ರಲ್ಲಿ ಬಹಿರಂಗ ಆಕ್ಷೇಪಣೆ ಅಚ್ಚು ಹಾಕಿಸಿದರು. ಆಟ ಮಾರುವ ಕಂಪನಿಗಳ ಏಜೆಂಟರು ಎಂದು ತಳ್ಳಿಹಾಕುವಂಥ ಜನರಲ್ಲ. ವಿಶ್ವವಿದ್ಯಾಲಯಗಳಲ್ಲಿ ಇದನ್ನೇ ಅಭ್ಯಾಸ ಮಾಡುವವರು.

ಅವರ ತಕರಾರು ಹೀಗಿದೆ. ಒಂದು: ಇದುವರೆಗಿನ ಸಂಶೋಧನೆಯ ಬುನಾದಿ ಗಟ್ಟಿಯಿಲ್ಲ. ಎರಡು: ಕುಡುಕನಿಗೂ ಜೂಜುಕೋರನಿಗೂ ಹೊಲಿದ ಅಂಗಿಯನ್ನೇ ತಂದು ಆಟಗಾರನಿಗೆ ತೊಡಿಸಿದ್ದೀರಿ. ದಿನವಿಡೀ ಹೆಂಡದ ಯೋಚನೆ ಮಾಡುವವನು ರೋಗಿ ಇರಬಹುದು. ದಿನವಿಡೀ ಕ್ರಿಕೆಟ್ ಯೋಚನೆ ಮಾಡುವವನನ್ನು ನಾವು ಹಾಗನ್ನುತ್ತೇವೆಯೇ? ಮೂರು: ಯಾವುದು ಲಕ್ಷಣ ಎಂಬುದರಲ್ಲೇ ನಿಮ್ಮ ನಿಮ್ಮಲ್ಲಿ ಒಮ್ಮತವಿಲ್ಲ. ಇದೆಲ್ಲದರ ಮೇಲೆ, ನೆಮ್ಮದಿಯಾಗಿ ಆಡಿಕೊಂಡಿರುವ ಕೋಟ್ಯಂತರ ಮಕ್ಕಳ ಹಣೆಗೆ 'ರೋಗಿ' ಎಂಬ ಪಟ್ಟಿ ಅಂಟಿಸುತ್ತೀರಿ.

ಕೊನೆಯ ಮಾತು ಓದುವಾಗ ನನಗೆ ಮಂಡಿಪೇಟೆ ಯಜಮಾನರೇ ನೆನಪಾದರು. "ಹೆಣ್ಣು ಯಾರು ಕೊಡ್ತಾರ್ರೀ?" ಕೋಪನ್‌ಹೇಗನ್ನಿನ ಪ್ರೊಫೆಸರೂ ದಾವಣಗೆರೆಯ ಕಿರಾಣಿ ವ್ಯಾಪಾರಿಯೂ ಒಂದೇ ವಿಷಯಕ್ಕೆ ಹೆದರಿದ್ದಾರೆ!

ಮೊದಲ ಪಂಗಡ ಸುಮ್ಮನಿರಲಿಲ್ಲ. ಅವರ ಉತ್ತರ ಸರಳ: "ನೀವು ಪುಸ್ತಕದಲ್ಲಿ ಹುಡುಕುತ್ತಿದ್ದೀರಿ. ನಮ್ಮ ಆಸ್ಪತ್ರೆ ಬಾಗಿಲಿಗೆ ಜನ ಬಂದು ನಿಂತಿದ್ದಾರೆ. ಹೆಸರಿಲ್ಲದ ಕಾಯಿಲೆಗೆ ವಾರ್ಡ್ ಇಲ್ಲ, ಡಾಕ್ಟರಿಗೆ ತರಬೇತಿ ಇಲ್ಲ, ವಿಮೆ ಇಲ್ಲ. ಹೆಸರಿಟ್ಟರೆ ತಾನೇ ಮದ್ದು?"

ಇದೂ ಸುಳ್ಳಲ್ಲ.

ನೂರಕ್ಕೆ ಎಷ್ಟು?

ವ್ಯಾಪಾರಸ್ಥರಿಗೆ ಅಂಕಿ-ಸಂಖ್ಯೆ ಬೇಕು. ಕೊಡುತ್ತೇನೆ.

ಆಕ್ಸ್‌ಫರ್ಡಿನ ಆಂಡ್ರೂ ಪ್ರಿಬಿಲ್ಸ್ಕಿ ಮತ್ತು ಇಬ್ಬರು ಜೊತೆಗಾರರು 2017ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಜರ್ಮನಿಯ ಸುಮಾರು 19 ಸಾವಿರ ಜನರನ್ನು ಕೇಳಿ ಲೆಕ್ಕ ಹಾಕಿದರು. ಆಟ ಆಡುವವರಲ್ಲಿ ಮೂವರಿಗೆ ಇಬ್ಬರಲ್ಲಿ ಒಂದೇ ಒಂದು ಲಕ್ಷಣವೂ ಇಲ್ಲ. ಕಾಯಿಲೆ ಎನ್ನಬಹುದಾದವರು ಒಟ್ಟು ಜನರಲ್ಲಿ ನೂರಕ್ಕೆ ಒಂದು ಅಥವಾ ಇನ್ನೂ ಕಡಿಮೆ. 2021ರಲ್ಲಿ ಬೇರೆ ಸಂಶೋಧಕರು ಲೋಕದ ಅನೇಕ ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗಿದರು. ಸರಾಸರಿ ನೂರಕ್ಕೆ ಮೂರು ಬಂತು. ಕಟ್ಟುನಿಟ್ಟಾಗಿ ಮಾಡಿದವನ್ನು ಮಾತ್ರ ತೂಗಿದರೆ ಎರಡಕ್ಕೆ ಇಳಿಯಿತು. ತಕ್ಕಡಿ ಬದಲಾದರೆ ತೂಕವೂ ಬದಲು! ಇದು ಮಂಡಿಪೇಟೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಜಗಳ ಕೇಳಿ. ಇದು ಬಂದರೆ ಹೋಗುತ್ತದೋ, ಅಂಟಿಕೊಂಡೇ ಇರುತ್ತದೋ? ಸಿಂಗಾಪುರದಲ್ಲಿ ಮೂರು ಸಾವಿರ ಶಾಲಾ ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿ 2011ರಲ್ಲಿ ವರದಿ ಕೊಟ್ಟರು. ಮೊದಲು ಅತಿಯಾಗಿ ಸಿಕ್ಕಿಬಿದ್ದಿದ್ದ ಮಕ್ಕಳಲ್ಲಿ ಬಹುಪಾಲು, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ, ಎರಡು ವರ್ಷದ ಮೇಲೂ ಹಾಗೇ ಇದ್ದರು. ಜರ್ಮನಿಯಲ್ಲಿ ಒಂಬೈನೂರು ಆಟಗಾರರನ್ನು ಅಷ್ಟೇ ಕಾಲ ಹಿಂಬಾಲಿಸಿ 2014ರಲ್ಲಿ ಹೇಳಿದ್ದು ತಿರುಗುಮುರುಗು: ಮೂರು ಸಲ ಕೇಳಿದಾಗ ಮೂರು ಸಲವೂ ತೊಂದರೆಯಲ್ಲೇ ಇದ್ದವರು ನೂರಕ್ಕೆ ಒಬ್ಬರು ಮಾತ್ರ. ಉಳಿದವರದು ಬಂದಂತೆ ಹೋಯಿತು.

ಮೆದುಳಿನ ಮಾತೂ ಹೀಗೇ. ವಾಟ್ಸಾಪಿನಲ್ಲಿ ಓಡಾಡುವ 'ಡೋಪಮೈನ್' ಎಂಬ ಪದ ಕೇಳಿರುತ್ತೀರಿ. ಖುಷಿಯಾದಾಗ, ಖುಷಿಯ ಆಸೆ ಹುಟ್ಟಿದಾಗ ಮೆದುಳಿನಲ್ಲಿ ಒಸರುವ ರಸಾಯನ. ಲಂಡನ್ನಿನಲ್ಲಿ ಎಂಟು ಜನ ಗಂಡಸರಿಗೆ ಟ್ಯಾಂಕ್ ಓಡಿಸುವ ಆಟ ಆಡಿಸಿ, ಮೆದುಳಿನ ಸ್ಕ್ಯಾನ್ ತೆಗೆದು, ಆಡುವಾಗ ಅದು ಒಸರುವುದು ನಿಜ ಎಂದು 1998ರಲ್ಲಿ ತೋರಿಸಿದರು. ಆಟ ಅಂದರೆ ಅಫೀಮು ಎಂದು ಹಲವರು ಕೂಗಿದ್ದು ಆ ಮೇಲೆ. ಆದರೆ ಸ್ವಾಮಿ, ಊಟ ಮಾಡಿದರೂ ಅದು ಒಸರುತ್ತದೆ. ಹಾಡು ಕೇಳಿದರೂ ಒಸರುತ್ತದೆ. ಮಂಡಕ್ಕಿ ಜೊತೆ ಬಿಸಿ ಮಿರ್ಚಿ ತಿಂದರೂ ಒಸರದೆ ಇರುತ್ತದೆಯೇ? ಒಸರಿತು ಎಂದ ಮಾತ್ರಕ್ಕೆ ಚಟ ಎನ್ನಲಾಗದು ಎಂಬುದು ಎರಡನೇ ಪಂಗಡದ ವಾದ.

ಹಳೇ ಕೂಗು

ಈ ಗಲಾಟೆ ಮೊಬೈಲಿನಿಂದ ಶುರುವಾಯಿತು ಎಂದುಕೊಂಡಿದ್ದೆ. ಅಲ್ಲ. 1978ರಲ್ಲಿ ಜಪಾನಿನ ತೈಟೋ ಕಂಪನಿ 'ಸ್ಪೇಸ್ ಇನ್ವೇಡರ್ಸ್' ಎಂಬ ಆಟದ ಪೆಟ್ಟಿಗೆ ಬಿಟ್ಟಿತು. ಕಾಸು ಹಾಕಿ, ಮೇಲಿನಿಂದ ಇಳಿಯುವ ಹುಳದಂಥ ವೈರಿಗಳನ್ನು ಹೊಡೆಯಬೇಕು. ಮೂರೇ ವರ್ಷಕ್ಕೆ ಬ್ರಿಟನ್ ಪಾರ್ಲಿಮೆಂಟಿನಲ್ಲಿ ಜಾರ್ಜ್ ಫೌಕ್ಸ್ ಎಂಬ ಲೇಬರ್ ಸದಸ್ಯ ಎದ್ದು, ಹುಡುಗರು ಇದರ ದಾಸರಾಗುತ್ತಿದ್ದಾರೆ, ಕಳ್ಳತನಕ್ಕಿಳಿದಿದ್ದಾರೆ, ಇದಕ್ಕೆ ಲಗಾಮು ಬೇಕು ಎಂದು ಮಸೂದೆ ತಂದರು. 1981ರ ಮೇ 20. ಪರವಾಗಿ 94, ವಿರೋಧವಾಗಿ 114. ಇಪ್ಪತ್ತು ಓಟಿನಲ್ಲಿ ಬಿದ್ದುಹೋಯಿತು. ಅದೇ ವರ್ಷ ಫಿಲಿಪೀನ್ಸಿನ ಸರ್ವಾಧಿಕಾರಿ ಮಾರ್ಕೋಸ್ ಮಸೂದೆ ಗೊಡವೆಯೇ ಇಲ್ಲದೆ ಆಟದ ಪೆಟ್ಟಿಗೆಗಳನ್ನು ನಿಷೇಧಿಸಿಬಿಟ್ಟ.

ನಮ್ಮಲ್ಲೂ ಕಡಿಮೆಯೇ? ಕಾದಂಬರಿ ಓದಿ ಹೆಣ್ಣುಮಕ್ಕಳು ಹಾಳಾದರು ಎಂದರು. ಟೂರಿಂಗ್ ಟಾಕೀಸ್ ಬಂದಾಗ ಗಂಡುಮಕ್ಕಳು ಹಾಳಾದರು. ರೇಡಿಯೋ ಕಾಮೆಂಟರಿಯಿಂದ ಗುಮಾಸ್ತರು, ಟೀವಿ ಧಾರಾವಾಹಿಯಿಂದ ಅತ್ತೆ-ಸೊಸೆ ಇಬ್ಬರೂ ಹಾಳಾದರು! ಲೋಕ ಇನ್ನೂ ಇದೆ.

ಆದರೆ "ಹಿಂದೆಯೂ ಕೂಗಿದ್ದರು" ಎಂಬುದರಿಂದ "ಈಗಿನದೂ ಬರೀ ಕೂಗು" ಎಂದಾಗುವುದಿಲ್ಲ. ಅಂದಿನ ಪೆಟ್ಟಿಗೆ ಆಟಕ್ಕೆ ಜೇಬಿನ ಕಾಸು ಮುಗಿದರೆ ಮನೆಗೆ ಬರಬೇಕಿತ್ತು. ಅಂಗಡಿಯವನು ಬಾಗಿಲು ಹಾಕುತ್ತಿದ್ದ. ಇಂದಿನದು ದಿಂಬಿನ ಕೆಳಗೇ ಇದೆ. ಅದಕ್ಕೆ ಶಟರ್ ಇಲ್ಲ.

ಪಿಯುಸಿ ಬಿಟ್ಟವನ ಕಥೆ

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. ಹೇಳದೆ ಹೋದರೆ ಓದುಗರಿಗೆ ಮೋಸ.

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಯಾಕೆ ಅಂತ ಇವತ್ತಿಗೂ ನಮ್ಮಪ್ಪನನ್ನು ಕೇಳಿ ನೋಡಿ. "ಸೈಬರ್ ಸೆಂಟ್ರಿನಾಗೆ ಗೇಮ್ ಆಡಿ ಹಾಳಾದ" ಅಂತಾರೆ. ಸುಳ್ಳಲ್ಲ. ಆಗ ಗಂಟೆಗೆ ಹದಿನೈದು ರೂಪಾಯಿ. ಬಸ್ ಪಾಸಿನ ದುಡ್ಡು, ಪುಸ್ತಕದ ದುಡ್ಡು ಎಲ್ಲ ಅಲ್ಲಿಗೇ. ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೋಗಿ ಸಂಜೆ ಬ್ಯಾಗ್ ಹಾಕಿಕೊಂಡು ಬರುತ್ತಿದ್ದೆ. ಬ್ಯಾಗು ಬಿಚ್ಚುತ್ತಿರಲಿಲ್ಲ, ಅಷ್ಟೇ.

ಆದರೆ ಅಪ್ಪನಿಗೆ ಗೊತ್ತಿಲ್ಲದ್ದು ಒಂದಿದೆ. ನಾನು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ಫಸ್ಟ್ ಕ್ಲಾಸ್ ಬಂತು ಅಂತ ಸೈನ್ಸಿಗೆ ಹಾಕಿದರು. ಮೊದಲ ದಿನವೇ ಭೌತಶಾಸ್ತ್ರ 'ಫಿಸಿಕ್ಸ್' ಆಗಿ ಕೂತಿತ್ತು. ಲೆಕ್ಚರರ್ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಪಕ್ಕದವರು ಬರೆದುಕೊಂಡರು. ನಾನು ಬೋರ್ಡು ನೋಡಿದೆ. ಒಂದು ತಿಂಗಳು, ಎರಡು ತಿಂಗಳು. ಒಮ್ಮೆ ಎದ್ದು ನಿಲ್ಲಿಸಿ ಪ್ರಶ್ನೆ ಕೇಳಿದಾಗ ಕನ್ನಡದಲ್ಲಿ ಉತ್ತರ ಕೊಟ್ಟೆ. ಕ್ಲಾಸೆಲ್ಲ ನಕ್ಕಿತು. ಮಾರನೇ ದಿನದಿಂದ ಸೈಬರ್ ಸೆಂಟರು. ಅಲ್ಲಿ ನಾನು ಗೆಲ್ಲುತ್ತಿದ್ದೆ. ಅಲ್ಲಿ ಯಾರೂ ನಗುತ್ತಿರಲಿಲ್ಲ.

ಗೇಮ್ ಆಡಿ ಪಿಯುಸಿ ಬಿಟ್ಟೆನೋ, ಪಿಯುಸಿ ಬಿಟ್ಟಾಗಿದ್ದಕ್ಕೆ ಗೇಮ್ ಆಡಿದೆನೋ? ಇಷ್ಟು ವರ್ಷದ ಮೇಲೂ ಅಪ್ಪನದು ಒಂದು ಲೆಕ್ಕ, ನನ್ನದು ಒಂದು ಲೆಕ್ಕ. ಆಶ್ಚರ್ಯವೆಂದರೆ ಸಂಶೋಧಕರ ಜಗಳದ ತಿರುಳೂ ಇದೇ. ಮನಸ್ಸಿನ ಬೇಸರ, ಒಂಟಿತನ, ಅಂಜಿಕೆ ಇರುವವನು ಆಟಕ್ಕೆ ಓಡುತ್ತಾನೋ, ಆಟಕ್ಕೆ ಬಿದ್ದವನಿಗೆ ಬೇಸರ, ಒಂಟಿತನ ಬರುತ್ತದೋ? ಎರಡನೇ ಪಂಗಡ ಮೊದಲನೆಯದನ್ನು ಎತ್ತಿ ಹಿಡಿಯುತ್ತದೆ: ಆಟ ಬರೀ ಹೊಗೆ, ಬೆಂಕಿ ಬೇರೆ ಕಡೆ ಇದೆ. ಮೊದಲ ಪಂಗಡ ಹೇಳುತ್ತದೆ: ಎಲ್ಲಿಂದಲೇ ಹತ್ತಿರಲಿ, ಆ ಮೇಲೆ ಹೊಗೆಯೇ ಉಸಿರು ಕಟ್ಟಿಸುತ್ತದಲ್ಲ!

ನನ್ನ ಮಟ್ಟಿಗೆ ಇಬ್ಬರೂ ಸರಿ. ಓಡಿಹೋಗಿದ್ದು ಫಿಸಿಕ್ಸಿನಿಂದ. ಆದರೆ ಆರು ತಿಂಗಳಾದ ಮೇಲೆ ಸೈಬರ್ ಸೆಂಟರು ಬಿಟ್ಟು ಬರೋಣ ಎಂದರೆ ಕಾಲು ಬರಲಿಲ್ಲ. ಅದೂ ನಿಜವೇ.

ದುಡ್ಡಿನ ಆಟ ಬೇರೆ, ಬರೀ ಆಟ ಬೇರೆ

ಹರಿಹರದ ಬಸ್ಸಿನಲ್ಲಿ ಒಂದು ದಿನ ಬೇಕೆಂದೇ ನಿಂತು ಎಣಿಸಿದೆ. ಕೂತವರಲ್ಲಿ ಮೂವತ್ತೊಂದು ಜನರ ಕೈಯಲ್ಲಿ ಫೋನು. ಹನ್ನೊಂದು ಜನ ಆಟ ಆಡುತ್ತಿದ್ದರು. ಮೂವರು ಹುಡುಗರು, ಉಳಿದವರೆಲ್ಲ ಮೀಸೆ ಬಂದವರು, ಇಬ್ಬರು ಸೀರೆಯುಟ್ಟ ಹೆಂಗಸರು. ಕ್ಯಾಂಡಿ ಒಡೆಯೋದು, ಲೂಡೋ, ಕೇರಂ. ಮಿಲ್ಲಿನ ಶಿಫ್ಟು ಮುಗಿಸಿ ಬಂದಂತಿದ್ದ ಒಬ್ಬರು ಹೇಳಿದರು: "ಅಣ್ಣಾ, ಮೊದ್ಲು ರಮ್ಮಿ ಆಡ್ತಿದ್ದೆ. ಬಂದಿದ್ದು ಮುನ್ನೂರು, ಹೋಗಿದ್ದು ಮೂವತ್ತು ಸಾವಿರ. ಈಗ ಬಿಟ್ಟೀನಿ. ಇದು ಬರೀ ಟೈಂಪಾಸು."

ಈ ವ್ಯತ್ಯಾಸ ಮುಖ್ಯ. ಪಣ ಕಟ್ಟಿ ಆಡುವುದಕ್ಕೆ ನಮ್ಮ ಊರಲ್ಲಿ ಮೊದಲಿನಿಂದ ಒಂದೇ ಹೆಸರು: ಜೂಜು. ಒಂದಂಕಿ ಲಾಟರಿ ಎಷ್ಟು ಮನೆ ತೊಳೆಯಿತು ಎಂಬುದು 2007ರಲ್ಲಿ ಅದು ನಿಲ್ಲುವ ತನಕ ಎಲ್ಲರೂ ಕಂಡದ್ದೇ. ಆನ್‌ಲೈನ್ ಪಣದ ಆಟಕ್ಕೆ ತಡೆ ಹಾಕಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ತಳ್ಳಿಹಾಕಿತು. ಆಮೇಲೆ ಸಂಸತ್ತೇ 2025ರ ಆಗಸ್ಟ್‌ನಲ್ಲಿ ಕಾಯ್ದೆ ಪಾಸು ಮಾಡಿ, 22ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿ ರೂಪಾಯಿ ತನಕ ದಂಡ. ಆಡುವವನಿಗೆ ಶಿಕ್ಷೆಯಿಲ್ಲ. ಪಣವಿಲ್ಲದ ಆಟಕ್ಕೆ, ಪಂದ್ಯಾಟಕ್ಕೆ ಅಡ್ಡಿಯಿಲ್ಲ. ಉತ್ತೇಜನ ಕೂಡ ಇದೆ.

ಹಾಗಾದರೆ ಪಣವಿಲ್ಲದ ಆಟ ಪೂರಾ ಸಾಧುವೇ? ಅಲ್ಲೂ ಗಂಟಿದೆ. ಆಟ ಪುಕ್ಕಟೆ, ಅಂಗಿ, ಬಂದೂಕಿಗೆ ಕಾಸು. ಒಳಗೇನಿದೆ ಎಂದು ತೋರಿಸದ ಪೆಟ್ಟಿಗೆ. ದುಡ್ಡು ಕೊಟ್ಟು ತೆರೆದರೆ ಅದೃಷ್ಟವಿದ್ದರೆ ಬಂಗಾರ, ಇಲ್ಲದಿದ್ದರೆ ಕಸ. ಇದು ಜೂಜೇ ಎಂದು ಬೆಲ್ಜಿಯಂ 2018ರಲ್ಲಿ ಹೇಳಿತು. ದಿನಾ ಬಂದರೆ ಬಹುಮಾನ. ಒಂದು ದಿನ ತಪ್ಪಿದರೆ ಮೊದಲಿಂದ ಎಣಿಕೆ. ಗಿರಾಕಿ ದಿನಾ ಬರಲಿ ಎಂದು ನಾವು ಕೊಸರು ಹಾಕುತ್ತೇವಲ್ಲ, ಅದೇ ವಿದ್ಯೆ. ವ್ಯತ್ಯಾಸ ಇಷ್ಟೇ: ನಮ್ಮ ಗಿರಾಕಿ ರಾತ್ರಿ ಮನೆಗೆ ಹೋಗಿ ಮಲಗುತ್ತಾನೆ.

ಕಾನೂನು ಮಾಡಿ ಮಲಗಿಸಲು ನೋಡಿದವರೂ ಇದ್ದಾರೆ. ದಕ್ಷಿಣ ಕೊರಿಯಾ 2011ರಲ್ಲಿ ಹದಿನಾರು ತುಂಬದವರಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರ ತನಕ ಆನ್‌ಲೈನ್ ಆಟ ಬಂದ್ ಮಾಡಿತು. ಹತ್ತು ವರ್ಷ ನೋಡಿ, ಮಕ್ಕಳು ಮೊಬೈಲಿಗೆ ಜಿಗಿದ ಮೇಲೆ ಆ ಕಾಯ್ದೆಯನ್ನೇ ಕೈಬಿಟ್ಟಿತು. ಚೀನಾ 2021ರಲ್ಲಿ ಹದಿನೆಂಟರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ, ರಜಾದಿನ ಮಾತ್ರ, ಅದೂ ರಾತ್ರಿ ಎಂಟರಿಂದ ಒಂಬತ್ತು ಎಂದು ಗೆರೆ ಎಳೆಯಿತು. ನಮ್ಮ ದೇಶ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ನಿಲ್ಲಿಸಿತು, ಅದೂ ಮಕ್ಕಳ ಚಿಂತೆಯಿಂದಲ್ಲ, ದೇಶದ ಭದ್ರತೆಯ ಕಾರಣ ಹೇಳಿ. ಮರುವರ್ಷವೇ ಅದು ಬೇರೆ ಹೆಸರಿನಲ್ಲಿ ಬಂತು.

ಶಟರ್ ಇಳಿಸೋದಲ್ಲ

ಇನ್ನು ಸೋದರಮಾವ ಹೇಳಿದ ನಿಮ್ಹಾನ್ಸ್. ಅಲ್ಲಿ 2014ರಲ್ಲೇ ಇದಕ್ಕೆಂದು ಒಂದು ಕ್ಲಿನಿಕ್ ಶುರುವಾಗಿದೆ. ವಿಶ್ವ ಸಂಸ್ಥೆ ಪಟ್ಟಿಗೆ ಸೇರಿಸುವ ಐದು ವರ್ಷ ಮೊದಲೇ! ನಡೆಸಿಕೊಂಡು ಬಂದವರು ಮನಃಶಾಸ್ತ್ರಜ್ಞ ಡಾ. ಮನೋಜ್ ಕುಮಾರ್ ಶರ್ಮ. ಹೆಸರು 'ಶಟ್' ಕ್ಲಿನಿಕ್. ಶಟರ್ ಇಳಿಸು ಎಂದು ಅರ್ಥವಲ್ಲ. ತಂತ್ರಜ್ಞಾನವನ್ನು ಹದವಾಗಿ ಬಳಸಲು ನೆರವು ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. ಅಲ್ಲಿಯ ದಾರಿಯೂ ಹಾಗೇ. ಫೋನು ಕಿತ್ತು ಕುಟ್ಟುವುದಲ್ಲ. ನಿದ್ದೆ, ಊಟ, ಓದು, ಮೈದಾನದ ಆಟವನ್ನು ಒಂದೊಂದಾಗಿ ಜಾಗಕ್ಕೆ ತರುವುದು. ಆಟದ ಹಿಂದೆ ಬೇಸರವೋ ಭಯವೋ ಅಡಗಿದೆಯೇ ಎಂದು ಹುಡುಕುವುದು. ತಂದೆ-ತಾಯಿಯನ್ನೂ ಕೂರಿಸಿ ಮಾತಾಡಿಸುವುದು. ಈ ಒಂದಕ್ಕೇ ಎಂಬ ಗುಳಿಗೆ ಇಲ್ಲ.

ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಮನಸ್ಸಿನ ಕಾಯಿಲೆಗೆ ಜಿಲ್ಲೆಯಲ್ಲೇ ಚಿಕಿತ್ಸೆ ಎಂಬ ಪ್ರಯೋಗವನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿದ್ದೇ ನಮ್ಮ ನೆರೆಯ ಬಳ್ಳಾರಿಯಲ್ಲಿ. ಅದೇ ಮಾದರಿ 1996ರಿಂದ ದೇಶಕ್ಕೆ ಹರಡಿತು. ಫೋನಿನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಇದೆ. 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ನಂಬರು 14416. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಗಲ್ಲಾದ ಮುಂದೆ ಮತ್ತೆ

ಎಂಟನೇ ದಿನ ಅಂಗಡಿಗೆ ಹೋದೆ. ಯಜಮಾನರಿಗೆ ಉತ್ತರ ಹೇಳುವ ಮೊದಲು ಹುಡುಗನ ಜೊತೆ ಮಾತಾಡಬೇಕು ಎಂದೆ. ಇಬ್ಬರೂ ಹೋಗಿ ಒಂದು ಪ್ಲೇಟು ಮಂಡಕ್ಕಿ, ಎರಡು ಮಿರ್ಚಿ ಮುಂದಿಟ್ಟುಕೊಂಡು ಕೂತೆವು. ಹತ್ತು ನಿಮಿಷ ಬಾಯಿ ಬಿಡಲಿಲ್ಲ. ನನ್ನ ಸೈಬರ್ ಸೆಂಟರಿನ ಕಥೆ ಹೇಳಿದೆ. ಆಮೇಲೆ ಹೇಳಿದ:

"ಅಣ್ಣಾ, ಕೊರೋನಾ ಟೈಮಲ್ಲಿ ಅಪ್ಪನೇ ಫೋನ್ ಕೊಡ್ಸಿದ್ದು, ಕ್ಲಾಸ್ ಕೇಳೋಕೆ ಅಂತ. ಎರಡು ವರ್ಷ ಫೋನೇ ಇಸ್ಕೂಲು, ಫೋನೇ ಮೈದಾನ. ಫ್ರೆಂಡ್ಸೆಲ್ಲ ಅದರಲ್ಲೇ ಅದಾರೆ. ಕಾಲೇಜಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಗೇಮಲ್ಲಿ ನಾನು ಲೀಡರು. ನಾನು ಬರಲಿಲ್ಲಾಂದ್ರೆ ಮೂರು ಜನ ಕಾಯ್ತಾರೆ."

"ಮತ್ತೆ ಆ ನಾಲ್ಕು ಸಾವಿರ?"

ತಲೆ ತಗ್ಗಿಸಿದ. "ಅದು ತಪ್ಪು. ನಿಲ್ಲಸ್ಬೇಕು ಅಂತ ಅನ್ಕೊಂಡೆ ಅಣ್ಣಾ. ಮೂರು ಸಲ ಗೇಮ್ ತೆಗೆದು ಹಾಕಿದೆ. ರಾತ್ರಿ ಮತ್ತೆ ಹಾಕ್ಕೊಂಡೆ."

ಈ ಕೊನೆಯ ಮಾತೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಕೊಬ್ಬಿದವನು ಮೂರು ಸಲ ತಾನೇ ತೆಗೆದು ಹಾಕುವುದಿಲ್ಲ.

ಯಜಮಾನರಿಗೆ ಹೇಳಿದೆ: "ಅಣ್ಣಾರೇ, ಕಾಯಿಲೆ ಹೌದೋ ಅಲ್ಲವೋ ಎಂದು ಜಿನೀವಾದವರು, ಆಕ್ಸ್‌ಫರ್ಡಿನವರು ಇನ್ನೂ ಜಗಳ ಆಡ್ತಿದಾರೆ. ನಾನು ಪಿಯುಸಿ ಬಿಟ್ಟವ, ತೀರ್ಪು ಕೊಡೋಕಾಗಲ್ಲ. ಆದ್ರೆ ನಿಮ್ಮ ಹುಡುಗನಿಗೆ ಕಷ್ಟ ಆಗಿರೋದು ನಿಜ. ಕಷ್ಟಕ್ಕೆ ಹೆಸರು ಬೇಕಾಗಿಲ್ಲ. ಹೆಣ್ಣು ಕೊಡೋರ ಮಾತು ಆಮೇಲೆ. ಮೊದಲು ಆ ನಂಬರಿಗೆ ಫೋನ್ ಮಾಡಿ."

ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಶಟರ್ ಅರ್ಧ ಇಳಿಸಿ, ಸ್ಪೀಕರಿನಲ್ಲಿ ಹಾಕಿ, 14416 ಒತ್ತಿದರು. ಆ ಕಡೆಯ ಹೆಣ್ಣುಮಗಳು ಮೊದಲು ಕೇಳಿದ್ದು ಆಟದ ವಿಷಯ ಅಲ್ಲ. "ಮಗ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡ್ತಾನೆ? ಮನೆಯಲ್ಲಿ ಯಾರ ಹತ್ತಿರ ಮಾತಾಡ್ತಾನೆ?" ಎರಡನೇ ಪ್ರಶ್ನೆಗೆ ಯಜಮಾನರಲ್ಲಿ ಉತ್ತರ ಇರಲಿಲ್ಲ.

ಈಗ ಎರಡು ತಿಂಗಳಾಯಿತು. ಹುಡುಗ ಸರಿಹೋದ ಎಂದು ಬರೆದರೆ ಸುಳ್ಳಾಗುತ್ತದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಮೂರು ಸಲ ಹೋಗಿ ಬಂದಿದ್ದಾನೆ. ಕಾಲೇಜಿಗೆ ವಾರದಲ್ಲಿ ನಾಲ್ಕು ದಿನ ಹೋಗುತ್ತಾನೆ. ಹಳೇ ಫೋನೊಂದು ಕೊಡಿಸಿದ್ದಾರೆ. ಸಂಜೆ ಒಂದು ಗಂಟೆ ಆಟ. ಒಂದು ವಾರ ನಡೆಯಿತು, ಒಂದು ವಾರ ತಪ್ಪಿತು, ಮತ್ತೆ ನಡೆಯುತ್ತಿದೆ. ರಾತ್ರಿ ಹತ್ತೂವರೆಗೆ ಫೋನು ಅಂಗಡಿ ಗಲ್ಲಾಕ್ಕೆ ಹೋಗಬೇಕು ಎಂದು ಅಪ್ಪನ ಕರಾರು. ಮಗನದೂ ಒಂದು ಕರಾರು: ಅಪ್ಪನ ಫೋನೂ ಹೋಗಬೇಕು. ಹನ್ನೆರಡರ ತನಕ ಹಾಸಿಗೆಯಲ್ಲಿ ರೀಲ್ಸ್ ನೋಡೋದು ಅವರ ಅಭ್ಯಾಸ. ಒಪ್ಪಲು ಯಜಮಾನರಿಗೆ ನಾಲ್ಕು ದಿನ ಬೇಕಾಯಿತಂತೆ!

ಮೊನ್ನೆ ಸಕ್ಕರೆಗೆ ಹೋದಾಗ ಹುಡುಗನೇ ತಕ್ಕಡಿ ಮುಂದೆ ನಿಂತಿದ್ದ. ತೂಕ ಸರಿಯಾಗಿ ಹಾಕಿದ. ಚಿಲ್ಲರೆ ಕೊಡಲು ಗಲ್ಲಾ ತೆಗೆದಾಗ ಒಳಗೆ ಎರಡು ಫೋನು ಜೋಡಿಯಾಗಿ ಮಲಗಿದ್ದವು. ನಾನು ನನ್ನ ಫೋನಿನಲ್ಲಿ ಏನೋ ನೋಡುತ್ತಾ ನಿಂತಿದ್ದೆ.

"ಅಣ್ಣಾ, ಜಾಗ ಐತೆ. ನಿಮ್ಮದೂ ಇಡ್ತೀರಾ?" ಎಂದ.

ಇಲ್ಲಪ್ಪ, ಆಫೀಸಿನಿಂದ ಫೋನ್ ಬರಬೇಕು ಎಂದು ಹೇಳಿ ಹೊರಟೆ. ಬಂದಿರಲಿಲ್ಲ. ಬರುವುದೂ ಇರಲಿಲ್ಲ.